ಅಶ್ರುವಾಯುವಿನಲ್ಲಿ ಹುಟ್ಟಿದ ಹುಡುಗ

ನಾನು ಫ್ಯಾಂಟಮ್‌ನನ್ನು ಓದಿ ಬೆಳೆದವನು. ಇಂದ್ರಜಾಲ ಕಾಮಿಕ್ಸ್ 1964ರಿಂದ 1990ರವರೆಗೆ ಬಂತು, ಕನ್ನಡದಲ್ಲೂ ಬರುತ್ತಿತ್ತು. ಎಲ್ಲೆಲ್ಲೋ ತಿರುಗಿ, ರಟ್ಟು ಕಿತ್ತುಹೋದ ಮೇಲೆ ನಮ್ಮ ಹಾಸ್ಟೆಲಿಗೆ ಬಂದು ಸೇರುತ್ತಿತ್ತು. ಒಂದು ಕಾಡು, ಕಾಡು ತುಂಬ ಕಪ್ಪು ಜನ, ಅವರ ನಡುವೆ ಬಿಳಿ ಕುದುರೆ ಏರಿದ ಬಿಳಿಯ. ನಾನೂರು ವರ್ಷದಿಂದ ಅಪ್ಪನಿಂದ ಮಗನಿಗೆ ಬಂದ ಯಜಮಾನಿಕೆ ಅವನದು, ನಮ್ಮೂರ ಪಟೇಲಿಕೆ ಇದ್ದ ಹಾಗೆ. ಕಪ್ಪು ಜನಕ್ಕೆ ಅವನನ್ನು ನಂಬೋದು, ಕುಣಿಯೋದು, ಕಾಯೋದು ಬಿಟ್ಟು ಬೇರೆ ಕೆಲಸವಿಲ್ಲ. ಮಾಂಡ್ರೇಕನ ಜೊತೆಯ ಲೋಥಾರ್ ಇನ್ನೂ ವಿಚಿತ್ರ. ತನ್ನ ಜನರ ರಾಜಕುಮಾರನಾಗಿದ್ದವನು ರಾಜ್ಯ ಬಿಟ್ಟು ಬಂದು ಒಬ್ಬ ಬಿಳಿ ಜಾದೂಗಾರನ ಆಳಾದ. ಯಾಕೆ ಅಂತ ನಾವ್ಯಾರೂ ಕೇಳಲಿಲ್ಲ.

ಕೂಲಿಯವರ ಮಕ್ಕಳು ನಾವು, ಬಣ್ಣದಲ್ಲಿ ಆ ಕಾಡಿನವರಿಗೇ ಹತ್ತಿರ. ಆದರೆ ರಾತ್ರಿ ಚಾಪೆ ಮೇಲೆ ಮಲಗಿ ಕಂಡ ಕನಸಿನಲ್ಲಿ ನಾವೆಲ್ಲ ಕುದುರೆ ಮೇಲಿದ್ದೆವು. ಬಿಲ್ಲು ಹಿಡಿದು ನಿಂತ ಕುಳ್ಳನಾಗಲು ನಮ್ಮಲ್ಲಿ ಒಬ್ಬನೂ ತಯಾರಿರಲಿಲ್ಲ. ಅವರ ವೇಷ ನೋಡಿ ನಗುತ್ತಿದ್ದೆವು ಕೂಡ. ನಾಚಿಕೆಯ ಮಾತು ಇದು. ಆದರೂ ಹೇಳುತ್ತೇನೆ, ಯಾಕಂದ್ರೆ ವೀರರ ಚಿತ್ರಕತೆ ಮಕ್ಕಳನ್ನು ಸೆಳೆಯುವುದು ಹೇಗೆ ಎನ್ನುವ ಪ್ರಶ್ನೆ ನನ್ನ ಮಟ್ಟಿಗೆ ಅಲ್ಲಿಂದಲೇ ಶುರುವಾಗುತ್ತದೆ. ಸೆಳೆತ ಇತ್ತು, ನಿಜ. ಆ ಸೆಳೆತ ನಮ್ಮನ್ನು ನಮ್ಮ ಮೈಯಿಂದಲೇ ಎಳೆದುಕೊಂಡು ಹೋಗುತ್ತಿತ್ತು.

ಅದಕ್ಕೇ ಒಬ್ಬ ಎಳೆಯ ಗೆಳೆಯ 'ಸ್ಟ್ಯಾಟಿಕ್' ಎಂಬ ಅಮೆರಿಕದ ಕಾಮಿಕ್ಸ್ ಸಂಪುಟವೊಂದನ್ನು ಕೈಗಿಟ್ಟು "ಓದಿ ಸಾರ್, ಆಮೇಲೆ ಬೈಯಿರಿ" ಅಂದಾಗ ನಾನು ಅನುಮಾನದಿಂದಲೇ ತೆರೆದೆ. ಓದಿದೆ. ಈಗ ಬೈಯೋದೂ ಇದೆ, ಆದರೆ ಮೊದಲು ಬೇರೆ ಕೆಲವು ಮಾತು.

ಇದು 1993ರ ಜೂನ್ ತಿಂಗಳ ಸಂಚಿಕೆಯಿಂದ ಶುರುವಾದ ಮಾಸಿಕ. ಬರೆದವರು ಡ್ವೇನ್ ಮ್ಯಾಕ್‌ಡಫಿ ಮತ್ತು ರಾಬರ್ಟ್ ಎಲ್. ವಾಷಿಂಗ್ಟನ್. ಚಿತ್ರ ಬಿಡಿಸಿದವರು ಜಾನ್ ಪಾಲ್ ಲಿಯಾನ್, ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಮೊದಲ ನಾಲ್ಕು ಸಂಚಿಕೆಗಳನ್ನು ಕೂಡಿಸಿ 2000ದಲ್ಲಿ ಒಂದು ಪುಸ್ತಕ ಮಾಡಿದರು. ಅದರ ಹೆಸರು 'ಟ್ರಯಲ್ ಬೈ ಫೈರ್', ಅಂದರೆ ಅಗ್ನಿಪರೀಕ್ಷೆ. ತಪ್ಪು ಮಾಡದವರನ್ನೇ ಬೆಂಕಿಯ ಮುಂದೆ ನಿಲ್ಲಿಸುವ ಪದ್ಧತಿ ನಮ್ಮ ದೇಶಕ್ಕೆ ಹೊಸದೇನಲ್ಲ, ಇರಲಿ.

ಕತೆಯ ನಾಯಕ ವರ್ಜಿಲ್ ಹಾಕಿನ್ಸ್. ಹದಿನೈದರ ಕಪ್ಪು ಹುಡುಗ, ಶಾಲೆಗೆ ಹೋಗುವವನು. ಬಡಕಲು ಮೈ, ಕಾಮಿಕ್ಸ್ ಓದುವ ಹುಚ್ಚು, ಚುರುಕು ನಾಲಿಗೆ. ಊರು ಡಕೋಟಾ ಎಂಬ ಕಲ್ಪಿತ ನಗರ. ಫ್ರೀಡಾ ಎಂಬ ಹುಡುಗಿಯ ಜೊತೆ ಸಲಿಗೆಯಿಂದ ಇರುತ್ತಾನೆಂದು ಒಬ್ಬ ಪುಂಡ ಅವನನ್ನು ಹೊಡೆದು ಹಾಕುತ್ತಾನೆ. ಹುಡುಗ ಅವಮಾನ ನುಂಗಲಾರದೆ ಒಂದು ಪಿಸ್ತೂಲು ಹೊಂದಿಸಿಕೊಂಡು, ಊರಿನ ಗ್ಯಾಂಗುಗಳೆಲ್ಲ ಬಡಿದಾಡಲು ಸೇರಿದ ಜಾಗಕ್ಕೆ ಹೋಗುತ್ತಾನೆ. ಕೊಲ್ಲಲಿಕ್ಕೇ ಹೋಗಿದ್ದಾನೆ. ಕೈ ಬರುವುದಿಲ್ಲ. ಪಿಸ್ತೂಲು ಎಸೆಯುತ್ತಾನೆ. ಅಷ್ಟರಲ್ಲಿ ಪೊಲೀಸರು ಬಂದು ಅಶ್ರುವಾಯು ಬಿಡುತ್ತಾರೆ. ಆ ಹೊಗೆಯಲ್ಲಿ ಇನ್ನೇನೋ ಬೆರೆತಿದೆ. ಗಲಭೆಯಲ್ಲಿ ಇದ್ದವರನ್ನು ಆಮೇಲೆ ಗುರುತು ಹಿಡಿಯಲು ಅನುಕೂಲವಾಗಲಿ ಎಂದು ಯಾರ ಮೇಲೂ ಸರಿಯಾಗಿ ಪರೀಕ್ಷೆ ಮಾಡಿರದ ರಾಸಾಯನಿಕ ಬೆರೆಸಿದ್ದಾರೆ. ಉಸಿರಾಡಿದವರಲ್ಲಿ ಬಹಳ ಜನ ಅಲ್ಲೇ ಸತ್ತರು. ಉಳಿದವರ ಮೈ ಏನೇನೋ ಆಯಿತು. ಒಬ್ಬ ಬೆಂಕಿಯಾದ, ಇನ್ನೊಬ್ಬ ಡಾಂಬರಾದ. ವರ್ಜಿಲ್‌ನ ಮೈಯಲ್ಲಿ ಕರೆಂಟು ಸೇರಿಕೊಂಡಿತು. ಬಾಚಣಿಗೆ ಉಜ್ಜಿ ಕಾಗದದ ಚೂರು ಎಳೆಯುವ ಪಾಠ ಮಾಡುವ ಮೇಷ್ಟ್ರುಗಳಿಗೆ ಸ್ಟ್ಯಾಟಿಕ್ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಉಜ್ಜಿದರೆ ಹುಟ್ಟುವ ವಿದ್ಯುತ್ತು ಅದು.

ಇಲ್ಲಿ ಸ್ವಲ್ಪ ನಿಲ್ಲಿ. ಹರೆಯದ ಹುಡುಗನನ್ನೇ ನಾಯಕ ಮಾಡಿದ ಕಾಮಿಕ್ಸ್‌ಗಳಲ್ಲಿ ಲೋಕಪ್ರಸಿದ್ಧವಾದದ್ದು 1962ರ ಸ್ಪೈಡರ್‌ಮ್ಯಾನ್. ಅದಕ್ಕೆ ಮುಂಚೆ ಈ ವಯಸ್ಸಿನ ಹುಡುಗರು ಹೆಚ್ಚಾಗಿ ದೊಡ್ಡ ವೀರರ ಬಾಲ ಹಿಡಿದು ಓಡುವವರು. ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಆ ಬಾಲಂಗೋಚಿಯನ್ನು ಮಧ್ಯಕ್ಕೆ ತಂದರು. ಅವರ ಪೀಟರ್ ಪಾರ್ಕರ್ ಬಡವ, ಅನಾಥ, ಶಾಲೆಯಲ್ಲಿ ನಗೆಪಾಟಲು. ಅವನಿಗೆ ಶಕ್ತಿ ಬಂದದ್ದು ಒಂದು ಜೇಡ ಕಚ್ಚಿ. ಜೇಡದ ಕಡಿತ ಆಕಸ್ಮಿಕ, ಅದಕ್ಕೆ ಯಾರೂ ಹೊಣೆಯಲ್ಲ. ವರ್ಜಿಲ್‌ಗೆ ಶಕ್ತಿ ಬಂದದ್ದು ಪೊಲೀಸರಿಂದ. ಕತೆ ಕಟ್ಟಿದವರು ಜೇಡ ತೆಗೆದು ಆ ಜಾಗದಲ್ಲಿ ಸರ್ಕಾರವನ್ನು ಇಟ್ಟರು.

ಉತ್ಪ್ರೇಕ್ಷೆ ಅನ್ನುವವರು ಇರುತ್ತಾರೆ. ಅಲಬಾಮಾದ ಟಸ್ಕೀಗೀಯಲ್ಲಿ 1932ರಿಂದ 1972ರವರೆಗೆ, ನಲವತ್ತು ವರ್ಷ, ಅಮೆರಿಕದ ಸರ್ಕಾರಿ ಆರೋಗ್ಯ ಇಲಾಖೆಯವರು ಸಿಫಿಲಿಸ್ ರೋಗ ತಗುಲಿದ ನೂರಾರು ಬಡ ಕಪ್ಪು ಗಂಡಸರಿಗೆ ಔಷಧಿ ಕೊಡದೆ, ರೋಗ ಹೇಗೆ ಬೆಳೆಯುತ್ತದೆ ನೋಡೋಣ ಅಂತ ಕೂತಿದ್ದರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. 1985ರಲ್ಲಿ ಫಿಲಡೆಲ್ಫಿಯಾ ಪೊಲೀಸರು ಹೆಲಿಕಾಪ್ಟರಿನಿಂದ ಒಂದು ಕಪ್ಪು ಗುಂಪಿನ ಮನೆ ಮೇಲೆ ಬಾಂಬು ಹಾಕಿದರು. ಐದು ಮಕ್ಕಳೂ ಸೇರಿ 11 ಜನ ಸತ್ತರು, ಬೀದಿಯ 60ರಷ್ಟು ಮನೆ ಸುಟ್ಟವು. ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ರಸ್ತೆಯಲ್ಲಿ ಕೆಡವಿ ಬಡಿದ ಪೊಲೀಸರನ್ನು ಬಿಟ್ಟು ಕಳಿಸಿದ ತೀರ್ಪು ಬಂದು ಲಾಸ್ ಏಂಜಲೀಸ್ ಹೊತ್ತಿ ಉರಿದದ್ದು 1992ರ ಏಪ್ರಿಲ್ ಕೊನೆಯಲ್ಲಿ. ವರ್ಷ ಕಳೆಯುವುದರೊಳಗೆ ಈ ಕಾಮಿಕ್ಸ್ ಅಂಗಡಿಗೆ ಬಂತು. ಆ ಪುಟ ತೆರೆದ ಕಪ್ಪು ಹುಡುಗನಿಗೆ ಹೊಗೆಯ ಚಿತ್ರದಲ್ಲಿ ಕಟ್ಟುಕತೆ ಕಂಡಿರಲಾರದು.

ಹಾಗಂತ ಓದಿಸಿಕೊಂಡು ಹೋಗುವುದು ಈ ಸಿಟ್ಟು ಮಾತ್ರ ಅಂದುಕೊಳ್ಳಬೇಡಿ. ಬರೀ ಸಿಟ್ಟಿದ್ದರೆ ಹದಿನೈದರ ಹುಡುಗ ಎರಡನೇ ಪುಟಕ್ಕೆ ಮಡಚಿಡುತ್ತಾನೆ. ನಮ್ಮ ಎಷ್ಟೋ ಕವಿತೆಗಳ ಗತಿ ಇದೇ ಆಗಿದೆ, ಬಿಡಿ. ಈ ಪುಸ್ತಕದ ಜೀವ ಇರೋದು ವರ್ಜಿಲ್‌ನ ಬಾಯಲ್ಲಿ. ಮುಖವಾಡ ಹಾಕಿದ ಕೂಡಲೇ ಅವನು ಮಾಡುವ ಮೊದಲ ಕೆಲಸ ಮಾತಾಡೋದು. ಹೊಡೆದಾಟದ ನಡುವೆ ಮಾತು, ಗಾಳಿಯಲ್ಲಿ ತೇಲುವಾಗ ಮಾತು, ಒದೆ ತಿನ್ನುವಾಗಲೂ ಮಾತು. ಎದುರಾಳಿಯ ಹೆಸರಿಗೆ, ವೇಷಕ್ಕೆ, ಬುದ್ಧಿಗೆ ಗೇಲಿ. ನಿನ್ನೆವರೆಗೆ ಶಾಲೆಯ ಅಂಗಳದಲ್ಲಿ ಹೊಡೆಸಿಕೊಂಡು ತುಟಿ ಒರೆಸಿಕೊಂಡು ಬರುತ್ತಿದ್ದವನು ಇವನೇ. ಆಗಲೂ ಈ ಮಾತುಗಳೆಲ್ಲ ಅವನ ಗಂಟಲಲ್ಲಿ ಇದ್ದವು, ಆಡಿದರೆ ಇನ್ನೆರಡು ಏಟು ಬೀಳುತ್ತಿದ್ದವು ಅಷ್ಟೆ. ಮನೆಗೆ ಬಂದ ಮೇಲೆ, ದೀಪ ಆರಿದ ಮೇಲೆ, 'ಅವನಿಗೆ ಹಿಂಗನ್ನಬೇಕಿತ್ತು' ಅಂತ ಹೊಳೆಯುತ್ತದಲ್ಲ, ಆ ಉತ್ತರ ಇಲ್ಲಿ ಹೊತ್ತಿಗೆ ಸರಿಯಾಗಿ ಬಾಯಿಗೆ ಬರುತ್ತದೆ. ಆಕಾಶದಲ್ಲಿ ಹಾರುವ ಆಸೆ ಎಲ್ಲ ಮಕ್ಕಳಿಗೂ ಇರುತ್ತೆ. ಹೊಡೆದವನ ಮುಂದೆ ನಿಂತು ಪೂರ್ತಿ ಒಂದು ವಾಕ್ಯ ಹೇಳುವ ಆಸೆ ಹೊಡೆಸಿಕೊಂಡ ಮಕ್ಕಳಿಗೆ ಮಾತ್ರ ಇರುವಂಥದು.

ಆ ಮಾತು ಬೀದಿಯ ಇಂಗ್ಲಿಷು. ಕಪ್ಪು ಹುಡುಗರು ತಮ್ಮ ತಮ್ಮಲ್ಲಿ ಆಡುವ, ಪಾಠಶಾಲೆ ಒಪ್ಪದ ಇಂಗ್ಲಿಷು. ಇದನ್ನು ಯಾರಾದರೂ ಪಠ್ಯಪುಸ್ತಕದ ಕನ್ನಡಕ್ಕೆ ತಂದರೆ ಹುಡುಗ ಅಲ್ಲೇ ಸಾಯುತ್ತಾನೆ. ಚಾಮರಾಜನಗರದ ಕಡೆಯ ಮಾತಿಗೋ ರಾಯಚೂರಿನ ಕಡೆಯ ಮಾತಿಗೋ ತಂದರೆ ಉಳಿದಾನು. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಕದ್ದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಕೂತು ತಿನ್ನುವಾಗ ಒಂದು ಖುಷಿ ಹೊಮ್ಮುತ್ತದಲ್ಲ, ಬಡತನದ ಮೇಲೆ ಬರೆಯುವ ಕನಿಕರದ ಸಾಹಿತ್ಯಕ್ಕೆ ಎಂದೂ ಸಿಗದ ಖುಷಿ, ವರ್ಜಿಲ್‌ನ ಹರಟೆ ಓದುವಾಗ ನನಗೆ ಅದರ ನೆನಪಾಯಿತು. ಎರಡೂ ಒಂದೇ ತೂಕದ ಬರಹ ಅಂತ ನಾನು ಹೇಳುತ್ತಿಲ್ಲ. ಕಾಮಿಕ್ಸ್‌ನ ಹಾಸ್ಯ ಕೆಲವು ಕಡೆ ತೀರಾ ಸಲೀಸು, ಟಿ.ವಿ. ಹಾಸ್ಯದ ಹಾಗೆ.

ಇನ್ನು ಟೋಪಿಯ ವಿಚಾರ. ಈ ವೀರನಿಗೆ ಕಿರೀಟವಿಲ್ಲ. ಕ್ರಿಕೆಟ್ ಹುಡುಗರು ಹಾಕುವಂಥ ಒಂದು ಟೋಪಿ, ಅದರ ಮೇಲೆ ದೊಡ್ಡದಾಗಿ 'ಎಕ್ಸ್' ಅಕ್ಷರ. ಮಾಲ್ಕಮ್ ಎಕ್ಸ್‌ರ ಎಕ್ಸ್ ಅದು. ಸ್ಪೈಕ್ ಲೀ ಅವರ ಸಿನಿಮಾ 1992ರಲ್ಲಿ ಬಂದಾಗ ಆ ಟೋಪಿ ಬೀದಿ ಬೀದಿಯಲ್ಲಿ ಮಾರಾಟವಾಯಿತು, ಹಾಗಾಗಿ ಇದನ್ನು ಬರೀ ಫ್ಯಾಷನ್ ಅಂತಲೂ ಓದಬಹುದು. ನನಗೆ ಹಾಗನ್ನಿಸಲಿಲ್ಲ. ಮಾಲ್ಕಮ್ ಹುಟ್ಟಿದಾಗ ಅವರ ಹೆಸರು ಮಾಲ್ಕಮ್ ಲಿಟಲ್. ಆ 'ಲಿಟಲ್' ತಮ್ಮ ಪೂರ್ವಜರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ ಯಜಮಾನನ ಮನೆತನದ ಹೆಸರೆಂದು ಅದನ್ನು ಕಿತ್ತುಹಾಕಿ, ಕಳೆದುಹೋದ ನಿಜವಾದ ಹೆಸರಿನ ಜಾಗದಲ್ಲಿ ಒಂದು ಗುರುತು ಇಟ್ಟರು. ಲೆಕ್ಕದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಇಡುವ ಗುರುತು. ತಮ್ಮನ್ನು ಕರೆಯಲು ಮೇಲಿನವರು ಇಟ್ಟ ಹೆಸರನ್ನೇ ಹೊತ್ತು ಬದುಕಿದ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟೋಪಿಯ ಮೇಲೆ ಅಳಿಸಿದ ಹೆಸರಿದ್ದರೆ ಟೋಪಿಯ ಕೆಳಗೆ ಉಳಿಸಿಕೊಂಡ ಹೆಸರೊಂದಿದೆ. ವರ್ಜಿಲ್ ಹಾಕಿನ್ಸ್ ಎಂಬ ಮನುಷ್ಯ ನಿಜವಾಗಿ ಇದ್ದರು. ಫ್ಲಾರಿಡಾದವರು. 1949ರಲ್ಲಿ ನಲವತ್ತು ದಾಟಿದ ವಯಸ್ಸಿನಲ್ಲಿ, ಕಾನೂನು ಓದಬೇಕೆಂದು ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರು. ಕಪ್ಪು ಬಣ್ಣದವನೆಂದು ತಿರಸ್ಕರಿಸಿದರು. ಅವರು ಕೋರ್ಟಿಗೆ ಹೋದರು. ಒಂಬತ್ತು ವರ್ಷ ಅಲೆದರು. 1956ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ತಡಮಾಡದೆ ಸೇರಿಸಿಕೊಳ್ಳಿ ಎಂದಿತು. ಫ್ಲಾರಿಡಾದ ನ್ಯಾಯಾಧೀಶರು ಆಗಲೂ ಬಗ್ಗಲಿಲ್ಲ. ಕೊನೆಗೆ 1958ರಲ್ಲಿ ಒಂದು ಒಪ್ಪಂದ: ಅವರು ತಮ್ಮ ಅರ್ಜಿ ಹಿಂತೆಗೆದುಕೊಂಡರು, ವಿಶ್ವವಿದ್ಯಾಲಯದ ಉನ್ನತ ಶಿಕ್ಷಣದ ಬಾಗಿಲು ಬೇರೆ ಕಪ್ಪು ವಿದ್ಯಾರ್ಥಿಗಳಿಗೆ ತೆರೆಯಿತು. ಅದೇ ವರ್ಷ ಮೊದಲ ಕಪ್ಪು ವಿದ್ಯಾರ್ಥಿ ಆ ಕಾನೂನು ಶಾಲೆಗೆ ಸೇರಿದ. ಬಾಗಿಲು ಒಡೆದವರು ಹೊರಗೇ ಉಳಿದರು. ಬಾಸ್ಟನ್‌ಗೆ ಹೋಗಿ ಓದಿ ಪದವಿ ತಂದರೆ ಫ್ಲಾರಿಡಾ ಅದನ್ನು ಒಪ್ಪಲಿಲ್ಲ. 1976ರಲ್ಲಿ ವಕೀಲಿ ಮಾಡಲು ಅನುಮತಿ ಸಿಕ್ಕಾಗ ಅವರಿಗೆ ಎಪ್ಪತ್ತರ ಹತ್ತಿರ. 1988ರಲ್ಲಿ ತೀರಿಕೊಂಡರು.

ಈ ಹೆಸರನ್ನು ಒಬ್ಬ ಹದಿನೈದರ ಹುಡುಗನಿಗೆ ಇಟ್ಟಿದ್ದಾರೆ. ಪುಸ್ತಕದೊಳಗೆ ಎಲ್ಲೂ ಇದರ ಪಾಠ ಮಾಡುವುದಿಲ್ಲ, ಅದು ಒಳ್ಳೆಯದೇ ಆಯಿತು. ಗೊತ್ತಿದ್ದವರಿಗೆ ತಟ್ಟುತ್ತದೆ, ಗೊತ್ತಿಲ್ಲದ ಹುಡುಗ ಎಂದೋ ಒಂದು ದಿನ ಹೆಸರು ಹುಡುಕಿಕೊಂಡು ಹೋದರೆ ಆ ಮುದುಕರು ಅವನಿಗೆ ಸಿಗುತ್ತಾರೆ. ನನಗೆ ಸಿಕ್ಕಿದ್ದೂ ಹಾಗೆ. ಅರ್ಜಿ ಹಿಡಿದು ಮೂವತ್ತು ವರ್ಷದ ಹತ್ತಿರ ಕಾದ ಮನುಷ್ಯನ ಹೆಸರಿನ ಹುಡುಗ ಕಾಯುವುದೇ ಇಲ್ಲ. ಲೋಹದ ಮುಚ್ಚಳದ ಮೇಲೆ ನಿಂತು ಹಾರಿಬಿಡುತ್ತಾನೆ. ಮಿಂಚಿಗಿಂತ ಇದು ನನ್ನನ್ನು ಹೆಚ್ಚು ಹಿಡಿಯಿತು.

ಈ ಪುಸ್ತಕ ತಂದ ಮೈಲ್‌ಸ್ಟೋನ್ ಸಂಸ್ಥೆಯ ಬಗ್ಗೆಯೂ ಹೇಳಬೇಕು. ಮ್ಯಾಕ್‌ಡಫಿ, ಡೆನಿಸ್ ಕೋವನ್, ಮೈಕೇಲ್ ಡೇವಿಸ್, ಡೆರೆಕ್ ಡಿಂಗಲ್ ಎಂಬ ನಾಲ್ವರು ಕಪ್ಪು ಜನ ಕೂಡಿ ಕಟ್ಟಿದ್ದು. ಬಿಳಿಯರ ಕಾಮಿಕ್ಸ್‌ನಲ್ಲಿ ಕಪ್ಪು ಪಾತ್ರ ಒಂದೇ ಒಂದು ಇದ್ದರೆ ಆ ಪಾತ್ರ ಇಡೀ ಜನಾಂಗವನ್ನು ಹೊರಬೇಕಾಗುತ್ತದೆ ಅನ್ನುವುದು ಮ್ಯಾಕ್‌ಡಫಿಯವರು ಎತ್ತುತ್ತಿದ್ದ ತಕರಾರು. ಅವನು ತಪ್ಪು ಮಾಡುವ ಹಾಗಿಲ್ಲ, ಮಾಡಿದರೆ ಎಲ್ಲರೂ ಹಾಗೇ. ಒಳ್ಳೆಯವನಾದರೆ ದೇವರೇ ಆಗಬೇಕು. ನಮಗೆ ಗೊತ್ತಿಲ್ಲದ್ದೇ? ಕಾರಂತರ ಚೋಮ 1933ರಿಂದ ಒಬ್ಬನೇ ಎಷ್ಟು ಜನರ ಭಾರ ಹೊತ್ತ! ಅದೊಂದು ದೊಡ್ಡ ಕಾದಂಬರಿ, ಅದರಲ್ಲಿ ಜಗಳವಿಲ್ಲ. ಆದರೆ ದುಡಿ ಬಡಿದು ಸಾಯುವುದು ಬಿಟ್ಟು ಚೋಮನಿಗೆ ಬೇರೆ ದಾರಿಯೇ ಇರಲಿಲ್ಲ, ಯಾಕಂದ್ರೆ ಅವನ ಪಕ್ಕದಲ್ಲಿ ಬೇರೆ ಥರದ ಇನ್ನೊಬ್ಬ ಚೋಮ ಇರಲಿಲ್ಲ. ಮೈಲ್‌ಸ್ಟೋನ್‌ನವರು ಒಂದೇ ವರ್ಷದಲ್ಲಿ ನಾಲ್ಕು ಮಾಸಿಕ ತಂದರು: ಒಬ್ಬ ಎಂಜಿನಿಯರ್, ಒಬ್ಬ ಶ್ರೀಮಂತ ವಕೀಲ, ಒಂದು ಗ್ಯಾಂಗು, ಒಬ್ಬ ಶಾಲಾ ಹುಡುಗ. ಭಾರ ಹಂಚಿಹೋಯಿತು. ಅದಕ್ಕೇ ವರ್ಜಿಲ್ ಪೆದ್ದಾಗಿ, ಹೆದರುಪುಕ್ಕಲನಾಗಿ, ಹುಡುಗಿಯ ಮುಂದೆ ತೊದಲುವವನಾಗಿ ಇರಲು ಸಾಧ್ಯವಾಯಿತು. ಅವನು ಅನಾಥನೂ ಅಲ್ಲ. ಅಪ್ಪ, ಅವ್ವ, ಅಕ್ಕ ಎಲ್ಲ ಇದ್ದಾರೆ. ಬೈಯುತ್ತಾರೆ, ಊಟಕ್ಕೆ ಕರೆಯುತ್ತಾರೆ. ಕಪ್ಪು ಮನೆ ಅಂದರೆ ಅಪ್ಪ ಇಲ್ಲದ್ದು, ಒಡೆದದ್ದು ಎಂದೇ ತೋರಿಸುವ ಪರದೆಗಳ ನಡುವೆ ಒಂದು ಸಾಮಾನ್ಯ ಮನೆ ತೋರಿಸಿದ್ದು ಸಣ್ಣ ಕೆಲಸವಲ್ಲ. ಬಣ್ಣ ಹಚ್ಚುವುದರಲ್ಲೂ ಹೊಸ ಕ್ರಮ ತಂದರು. ನೊಯೆಲ್ ಗಿಡ್ಡಿಂಗ್ಸ್ ಎಂಬ ಹೆಣ್ಣುಮಗಳ ಮೇಲ್ವಿಚಾರಣೆಯಲ್ಲಿ ಕಪ್ಪು ಮೈಯ ಹತ್ತಾರು ಛಾಯೆಗಳು ಕಾಗದದ ಮೇಲೆ ಬಂದವು. ಮೊದಲೆಲ್ಲ ಎಲ್ಲ ಕಪ್ಪು ಜನಕ್ಕೂ ಒಂದೇ ಕಂದು ಮಸಿ.

ಈಗ ನನ್ನ ಜಗಳ.

ನಾಲ್ಕು ಸಂಚಿಕೆಯಲ್ಲಿ ವರ್ಜಿಲ್ ಹೊಡೆದಾಡುವುದು ಯಾರ ಜೊತೆ? ಮೊದಲಿಗೆ ಹಾಟ್‌ಸ್ಟ್ರೀಕ್, ಅವನನ್ನು ಹೊಡೆದಿದ್ದ ಆ ಹಳೆಯ ಪುಂಡನೇ, ಈಗ ಬೆಂಕಿಯಾಗಿದ್ದಾನೆ. ಆಮೇಲೆ ಡಾಂಬರು ಮೈಯ ಟಾರ್‌ಮ್ಯಾಕ್. ಕೊನೆಗೆ ಹೋಲೋಕಾಸ್ಟ್ ಎಂಬ ದೊಡ್ಡ ಬೆಂಕಿ. ಮೂವರೂ ಅದೇ ಹೊಗೆ ಕುಡಿದವರು. ಇವನ ಮೈಯನ್ನು ಕೆಡಿಸಿದ್ದು ಯಾವುದೋ ಅವರ ಮೈಯನ್ನು ಕೆಡಿಸಿದ್ದೂ ಅದೇ. ಹೊಗೆ ಬಿಟ್ಟವರು ಎಲ್ಲಿ? ರಾಸಾಯನಿಕ ಬೆರೆಸಿದವರು ಎಲ್ಲಿ? ಅವರನ್ನು ಹುಡುಕಬೇಕಾದರೆ ಇದೇ ಸಂಸ್ಥೆಯ 'ಹಾರ್ಡ್‌ವೇರ್' ಎಂಬ ಇನ್ನೊಂದು ಮಾಸಿಕ ಕೊಳ್ಳಬೇಕು. ಅಲ್ಲಿ ಆಲ್ವ ಎಂಬ ಉದ್ಯಮಪತಿ ಇದ್ದಾನೆ, ಅವನ ಮೇಲೆ ಅವನದೇ ಕಾರ್ಖಾನೆಯ ಕಪ್ಪು ಎಂಜಿನಿಯರ್ ಸೇಡಿಗೆ ನಿಂತಿದ್ದಾನೆ. ಮಾಲೀಕನ ಜೊತೆಗಿನ ಹೋರಾಟ ದೊಡ್ಡವರ ಪುಸ್ತಕಕ್ಕೆ ಹೋಯಿತು. ಹುಡುಗನ ಪಾಲಿಗೆ ಉಳಿದದ್ದು ಕೇರಿಯ ಒಳಜಗಳ. ಒಂದೇ ಬಾವಿಯ ವಿಷದ ನೀರು ಕುಡಿದವರು ಬಡಿದಾಡಿದರೆ ವಿಷ ಹಾಕಿದವನು ಗಟ್ಟೆಯ ಮೇಲೆ ಕೂತು ನೋಡುತ್ತಾನೆ.

ಹೋಲೋಕಾಸ್ಟ್‌ನ ಪಾತ್ರದಲ್ಲಿ ಇದು ಇನ್ನೂ ಸ್ಪಷ್ಟ. ಅವನು ವರ್ಜಿಲ್‌ನನ್ನು ತನ್ನ ಕಡೆಗೆ ಕರೆಯುತ್ತಾನೆ. ಕರೆಯುವಾಗ ತಮ್ಮ ಜನಕ್ಕೆ ಆದ ಅನ್ಯಾಯದ ಲೆಕ್ಕ ಕೊಡುತ್ತಾನೆ. ಆ ಲೆಕ್ಕದಲ್ಲಿ ಸುಳ್ಳಿಲ್ಲ. ಆದರೆ ಹೇಳುವವನು ಮನುಷ್ಯರನ್ನು ಸುಡುವ ಕ್ರೂರಿ, ಆದ್ದರಿಂದ ವರ್ಜಿಲ್ ಅವನ ವಿರುದ್ಧ ತಿರುಗಬೇಕು, ಓದುವವರಿಗೂ ಅದೇ ಸರಿ ಅನ್ನಿಸಬೇಕು. ಇದು ಹಳೆಯ ಉಪಾಯ. ನಿಜವನ್ನು ಕೊಲೆಗಾರನ ಬಾಯಲ್ಲಿ ಹೇಳಿಸಿ, ಕೊಲೆಗಾರನ ಜೊತೆ ನಿಜವನ್ನೂ ಹೂತುಬಿಡುವುದು. 2018ರ 'ಬ್ಲ್ಯಾಕ್ ಪ್ಯಾಂಥರ್' ಸಿನಿಮಾದಲ್ಲಿ ಕಿಲ್‌ಮಾಂಗರ್‌ಗೂ ಇದನ್ನೇ ಮಾಡಿದರು. ಮೈಲ್‌ಸ್ಟೋನ್‌ನವರಿಂದ ನಾನು ಇದಕ್ಕಿಂತ ಹೆಚ್ಚು ಬಯಸಿದ್ದೆ. ಒಂದು ಮಾತು ಮಾತ್ರ ಅವರ ಪರವಾಗಿ: ಹುಡುಗ ತಕ್ಷಣ ಬೇಡ ಅನ್ನುವುದಿಲ್ಲ. ಕೇಳಿಸಿಕೊಳ್ಳುತ್ತಾನೆ, ತೂಗುತ್ತಾನೆ. ಆ ತೂಗುವಿಕೆಯ ಪುಟಗಳಲ್ಲಿ ಲಿಯಾನ್ ಅವರ ದಟ್ಟ ಕಪ್ಪು ನೆರಳು ಅರ್ಧ ಮುಖ ನುಂಗುತ್ತದೆ. ಪುಸ್ತಕದ ಪ್ರಾಮಾಣಿಕ ಗಳಿಗೆ ಅಲ್ಲಿದೆ.

ಹಕ್ಕಿನ ವಿಚಾರವೂ ಅರ್ಧಂಬರ್ಧವೇ. ಪಾತ್ರಗಳ ಹಕ್ಕು ಮೈಲ್‌ಸ್ಟೋನ್ ಹತ್ತಿರ ಉಳಿಯಿತು, ಆದರೆ ಅಚ್ಚು ಮಾಡಿ ಮಾರುಕಟ್ಟೆಗೆ ಸಾಗಿಸುವುದು ಡಿ.ಸಿ. ಎಂಬ ದೊಡ್ಡ ಕಂಪನಿಯ ಕೈಯಲ್ಲಿತ್ತು. 45 ಸಂಚಿಕೆ ಬಂದು 1997ರಲ್ಲಿ ಮಾಸಿಕ ನಿಂತಿತು. ಪುಸ್ತಕವಾಗಿ ಕೂಡಿಸುವ ನೆನಪು ಬಂದದ್ದು 2000ದಲ್ಲಿ, ಅದೇ ಹುಡುಗ ಟಿ.ವಿ. ಕಾರ್ಟೂನಿಗೆ ಹೋದಾಗ. ಕಾರ್ಟೂನು 2004ರವರೆಗೆ ಓಡಿತು, ಲಕ್ಷಗಟ್ಟಲೆ ಮಕ್ಕಳು ನೋಡಿದರು, ಒಳ್ಳೆಯದೇ. ಆದರೆ ಟಿ.ವಿ.ಯ ವರ್ಜಿಲ್‌ನ ತಲೆ ಮೇಲೆ ಎಕ್ಸ್ ಟೋಪಿ ಇಲ್ಲ. ಅವನ ಅವ್ವ ಸತ್ತುಹೋಗಿದ್ದಾಳೆ. ಸಾಮಾನ್ಯ ಕಪ್ಪು ಮನೆಯನ್ನು ಕಟ್ಟಿದವರ ಕಣ್ಣ ಮುಂದೆಯೇ ಅದರ ಒಂದು ಕಂಬ ಕಿತ್ತರು.

ಬರೆದವರಲ್ಲಿ ಮ್ಯಾಕ್‌ಡಫಿ 2011ರಲ್ಲಿ ತೀರಿಕೊಂಡರು. ವರ್ಜಿಲ್‌ನ ಬಾಯಿಗೆ ಅಷ್ಟೊಂದು ಮಾತು ಕೊಟ್ಟ ಇನ್ನೊಬ್ಬರು ರಾಬರ್ಟ್ ವಾಷಿಂಗ್ಟನ್, ಕೊನೆಗಾಲದಲ್ಲಿ ಕಡುಬಡತನದಲ್ಲಿ, ಮನೆಯಿಲ್ಲದ ದಿನಗಳನ್ನೂ ಕಂಡು 2012ರಲ್ಲಿ ಹೋದರು. ಮಣ್ಣು ಮಾಡಲು ಕಾಮಿಕ್ಸ್ ಪ್ರೇಮಿಗಳು ಚಂದಾ ಎತ್ತಬೇಕಾಯಿತು. ಚಿತ್ರಕಾರ ಲಿಯಾನ್ 2021ರಲ್ಲಿ, ಐವತ್ತು ತುಂಬುವ ಮೊದಲೇ ಹೋದರು.

ಅದೇ 2021ರಲ್ಲಿ ಸ್ಟ್ಯಾಟಿಕ್ ಮತ್ತೆ ಬಂದ. ವೀಟಾ ಅಯಾಲಾ ಬರೆದ ಹೊಸ ಕತೆಯಲ್ಲಿ ಗ್ಯಾಂಗುಗಳ ಬಡಿದಾಟ ಇಲ್ಲ. ಕಪ್ಪು ಜೀವಗಳ ಪರವಾಗಿ ಜನ ಮೆರವಣಿಗೆ ಸೇರಿದ್ದಾರೆ, ಅವರ ಮೇಲೆ ಪೊಲೀಸರು ಆ ಹೊಗೆ ಬಿಡುತ್ತಾರೆ. ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್‌ರ ಕತ್ತಿನ ಮೇಲೆ ಮೊಣಕಾಲು ಊರಿ ಕೊಂದ 2020ರ ಮರುವರ್ಷ ಅದು. ಇಪ್ಪತ್ತೆಂಟು ವರ್ಷದಲ್ಲಿ ಕತೆಯ ಉಳಿದದ್ದನ್ನು ಎಷ್ಟೋ ಬದಲಾಯಿಸಿದರು, ಹೊಗೆಯನ್ನು ಬದಲಾಯಿಸುವ ಅಗತ್ಯ ಬೀಳಲಿಲ್ಲ.

ಪುಸ್ತಕ ಕೊಟ್ಟ ಗೆಳೆಯ ಈಗ ಒಂದು ಹಳ್ಳಿ ಶಾಲೆಯಲ್ಲಿ ಮೇಷ್ಟ್ರು. ಮೊನ್ನೆ ಸಿಕ್ಕಾಗ, ಸಂಜೆ ಹೊತ್ತು ಏಳನೇ ಕ್ಲಾಸಿನ ಹುಡುಗರಿಗೆ ಇದರ ಕತೆ ಹೇಳಿದೆ ಅಂದ. ಕರೆಂಟಿನ ಹುಡುಗ, ಹಾರುವ ಮುಚ್ಚಳ ಎಲ್ಲ ಕೇಳಿ ಖುಷಿಪಟ್ಟರಂತೆ. ಎಲ್ಲ ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾ, ಆ ಹೊಗೆ ಬುಟ್ಟೋರ್ನ ಯಾರೂ ಹಿಡೀನಿಲ್ವಾ?" ಅಂತ ಕೇಳಿದಳಂತೆ.